ಗುಲಗಂಜಿ ಹುಳುವಿನ ಕಥೆ: ಪಾಠದಲ್ಲಿ ಬಿಟ್ಟುಹೋದ ಪುಟಗಳು

ಕೀಟಶಾಸ್ತ್ರದ ಪಠ್ಯಪುಸ್ತಕಗಳಲ್ಲಿ ಜೈವಿಕ ನಿಯಂತ್ರಣದ ಅಧ್ಯಾಯ ಸಾಮಾನ್ಯವಾಗಿ ಒಂದೇ ಕಥೆಯಿಂದ ಆರಂಭವಾಗುತ್ತದೆ. ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟಗಳನ್ನು ಹತ್ತಿದಿಂಬು ಶಲ್ಕಕೀಟ ಮುತ್ತಿತು. ಆಸ್ಟ್ರೇಲಿಯದಿಂದ ಒಂದು ಗುಲಗಂಜಿ ಹುಳುವನ್ನು ತರಿಸಲಾಯಿತು. ಅದು ಶಲ್ಕಕೀಟವನ್ನು ತಿಂದು ಮುಗಿಸಿತು, ತೋಟಗಳು ಉಳಿದವು. ಅಧ್ಯಾಪಕರು ಇದನ್ನು ಹತ್ತು ನಿಮಿಷದಲ್ಲಿ ಹೇಳುತ್ತಾರೆ. ವಿದ್ಯಾರ್ಥಿಗಳು ಎರಡು ಅಂಕದ ಪ್ರಶ್ನೆಗೆ ಉತ್ತರವಾಗಿ ಬರೆಯುತ್ತಾರೆ. ಕಥೆಯಲ್ಲಿ ಸುಳ್ಳೇನೂ ಇಲ್ಲ. ಆದರೆ ಅದು ಅರ್ಧಕ್ಕೇ ನಿಂತ ಕಥೆ.

ಅರ್ಧ ಕಥೆಯಿಂದ ಆಗುವ ತೊಂದರೆ ಏನೆಂದು ನೀವು ಕೇಳಬಹುದು. ಶಾಲೆಯ ಅಂಗಳದ ಮರಕ್ಕೋ, ಉದ್ಯಾನದ ಸಾಲುಮರಕ್ಕೋ ಶಲ್ಕಕೀಟ ಹತ್ತಿದಾಗ ತೊಂದರೆ ಕಾಣಿಸಿಕೊಳ್ಳುತ್ತದೆ. ಈ ಪಾಠ ಕಲಿತವರು ಕೇಳುವ ಪ್ರಶ್ನೆ ಒಂದೇ: 'ಇದಕ್ಕೆ ಏನು ಹಾಕಬೇಕು?' ಒಬ್ಬರು ಕೀಟನಾಶಕದ ಬಾಟಲಿ ಎನ್ನುತ್ತಾರೆ, ಪರಿಸರದ ಕಾಳಜಿ ಇರುವವರು ಹುಳುಗಳ ಡಬ್ಬಿ ಎನ್ನುತ್ತಾರೆ. ಉತ್ತರ ಬದಲಾದರೂ ಪ್ರಶ್ನೆ ಬದಲಾಗಿಲ್ಲ. ಇದೇ ಮರದಲ್ಲಿ, ಇದೇ ಜಾಗದಲ್ಲಿ ಕೀಟ ತನ್ನ ಶತ್ರುಗಳನ್ನು ಮೀರಿ ಬೆಳೆದದ್ದು ಏಕೆ ಎಂಬುದು ಮೊದಲು ಕೇಳಬೇಕಾದ ಪ್ರಶ್ನೆ. ಪಾಠ ಅದನ್ನು ಕೇಳಲು ಕಲಿಸುವುದಿಲ್ಲ ಎಂಬುದೇ ಈ ಲೇಖನದ ಆಕ್ಷೇಪ.

ಕೀಟವೋ, ಕಜ್ಜಿಯೋ?

ಶಲ್ಕಕೀಟವನ್ನು ಮೊದಲ ಸಲ ನೋಡುವವರು ಅದನ್ನು ಕೀಟವೆಂದು ನಂಬುವುದು ಕಷ್ಟ. ರೆಂಬೆಯ ಮೇಲೆ ಕಜ್ಜಿಯಂತೆ, ಚಿಪ್ಪಿನಂತೆ, ಕೆಲವೊಮ್ಮೆ ಸುಣ್ಣದ ಚುಕ್ಕೆಯಂತೆ ಅಂಟಿಕೊಂಡಿರುತ್ತದೆ. ಬೆಳೆದ ಹೆಣ್ಣಿಗೆ ರೆಕ್ಕೆ ಇರುವುದಿಲ್ಲ. ಹಲವು ಜಾತಿಗಳಲ್ಲಿ ಕಾಲುಗಳೂ ನಾಮಾವಶೇಷವಾಗಿರುತ್ತವೆ. ಸೂಜಿಯಂತಹ ಬಾಯಿಯನ್ನು ಗಿಡದೊಳಗೆ ಚುಚ್ಚಿ, ಇದ್ದಲ್ಲೇ ಇದ್ದು ರಸ ಹೀರುತ್ತದೆ. ಮೊಟ್ಟೆಯಿಂದ ಹೊರಬಂದ ಮರಿಗಳು ಮಾತ್ರ ಕಾಲುಳ್ಳವು. ಅವು ಹೊಸ ಜಾಗ ಹುಡುಕುತ್ತಾ ಅಲ್ಪಕಾಲ ತೆವಳಾಡುತ್ತವೆ. ಗಾಳಿ, ಹಕ್ಕಿಯ ಕಾಲು, ನರ್ಸರಿಯ ಸಸಿ ಇವುಗಳ ಮೂಲಕ ದೂರಕ್ಕೂ ಹೋಗುತ್ತವೆ. ಈ ಮರಿಗಳನ್ನು 'ತೆವಳುಮರಿ' ಎಂದು ಕರೆಯೋಣ.

ಈ ಗುಂಪಿನಲ್ಲಿ ಸುಮಾರು ಎಂಟು ಸಾವಿರ ಜಾತಿಗಳು ಗೊತ್ತಾಗಿವೆ. ನಮಗೆ ಅರಗು ಕೊಡುವ ಕೀಟ, ಕೆಂಪು ಬಣ್ಣ ಕೊಡುವ ಕೊಚಿನೀಲ್ ಕೀಟ, ದ್ರಾಕ್ಷಿ ಹಾಗೂ ದಾಸವಾಳದ ಮೇಲೆ ಕಾಣುವ ಹಿಟ್ಟು ತಿಗಣೆ ಎಲ್ಲವೂ ಇದೇ ಬಳಗದವು. ನಿರ್ವಹಣೆಯ ದೃಷ್ಟಿಯಿಂದ ಎರಡು ಕುಟುಂಬಗಳ ವ್ಯತ್ಯಾಸವನ್ನು ತಿಳಿಯುವುದು ಅಗತ್ಯ. ಮೃದು ಶಲ್ಕಕೀಟಗಳು ಗಿಡದ ಆಹಾರವಾಹಕ ಅಂಗಾಂಶವಾದ ಫ್ಲೋಯಮ್‌ನಿಂದ ರಸ ಹೀರುತ್ತವೆ. ಹೆಚ್ಚಾದ ಸಕ್ಕರೆಯನ್ನು ಸಿಹಿಯಾದ ಅಂಟು ದ್ರವವಾಗಿ ಹೊರಹಾಕುತ್ತವೆ. ಆ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ, ಇರುವೆಗಳು ಸೇರುತ್ತವೆ. ಕವಚ ಶಲ್ಕಕೀಟಗಳಾದರೋ ದೇಹದಿಂದ ಬೇರೆಯಾದ ಮೇಣದ ಗುರಾಣಿಯೊಂದನ್ನು ಕಟ್ಟಿಕೊಂಡು ಅದರಡಿ ಬದುಕುತ್ತವೆ. ಅವು ಫ್ಲೋಯಮ್‌ಗೆ ಬಾಯಿ ಹಾಕದೆ ಸಾಮಾನ್ಯ ಜೀವಕೋಶಗಳ ಸಾರವನ್ನು ಹೀರುತ್ತವೆ, ಅಂಟು ದ್ರವ ಸುರಿಸುವುದಿಲ್ಲ. ಒಂದಕ್ಕೆ ಹೊಂದುವ ಕ್ರಮ ಇನ್ನೊಂದಕ್ಕೆ ಹೊಂದದಿರುವುದಕ್ಕೆ ಕಾರಣ ಇಲ್ಲೇ ಇದೆ.

ಆಮದಾದ ಶತ್ರು, ಆಮದಾದ ಮಿತ್ರ

ಈಗ ಮೂಲ ಕಥೆಗೆ ಬರೋಣ. ಹತ್ತಿದಿಂಬು ಶಲ್ಕಕೀಟದ ವೈಜ್ಞಾನಿಕ ಹೆಸರು ಐಸೀರಿಯ ಪರ್ಚಾಸಿ. ಹೆಣ್ಣಿನ ಹಿಂಬದಿಗೆ ಅಂಟಿಕೊಂಡ, ಏಣುಗಳಿರುವ ಬಿಳಿಯ ಮೊಟ್ಟೆಚೀಲದಿಂದಾಗಿ ಈ ಹೆಸರು. ಒಂದು ಚೀಲದಲ್ಲಿ ನೂರಾರು ಮೊಟ್ಟೆಗಳಿರುತ್ತವೆ. ಕೀಟಲೋಕದಲ್ಲಿ ಅಪರೂಪವಾದ ದ್ವಿಲಿಂಗತ್ವ ಇದರಲ್ಲಿದೆ. ನೋಡಲು ಹೆಣ್ಣಾದ ಜೀವಿ ತನ್ನ ಮೊಟ್ಟೆಗಳನ್ನು ತಾನೇ ಫಲಿತಗೊಳಿಸಬಲ್ಲದು. ಹೀಗಾಗಿ ಒಂದೇ ಒಂದು ಮರಿ ಹೊಸ ನಾಡಿನಲ್ಲಿ ವಂಶ ಸ್ಥಾಪಿಸಲು ಸಾಕು.

ಪಾಠಗಳು ಸಾಮಾನ್ಯವಾಗಿ ಬಿಟ್ಟುಬಿಡುವ ಒಂದು ವಿವರ ಇಲ್ಲಿದೆ. ಈ ಕೀಟ ಅಮೆರಿಕದಲ್ಲಿ ಮೊದಲು ಕಂಡದ್ದು ಕಿತ್ತಳೆಯ ಮೇಲಲ್ಲ. 1868ರ ಸುಮಾರಿಗೆ ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕ್‌ನಲ್ಲಿ, ಅಂದಕ್ಕಾಗಿ ಬೆಳೆಸಿದ ಅಕೇಶಿಯ ಗಿಡಗಳ ಮೇಲೆ. ಎಂದರೆ ಜೈವಿಕ ನಿಯಂತ್ರಣದ ಈ ಪ್ರಸಿದ್ಧ ಅಧ್ಯಾಯ ಶುರುವಾದದ್ದೇ ಅಲಂಕಾರಿಕ ಗಿಡದಿಂದ. ಆಸ್ಟ್ರೇಲಿಯದ ಗಿಡದೊಂದಿಗೆ ಆಸ್ಟ್ರೇಲಿಯದ ಕೀಟ ಬಂತು, ಅದರ ಶತ್ರುಗಳು ಮಾತ್ರ ಅಲ್ಲೇ ಉಳಿದವು. 1880ರ ದಶಕದ ಹೊತ್ತಿಗೆ ದಕ್ಷಿಣ ಕ್ಯಾಲಿಫೋರ್ನಿಯಾದ ಕಿತ್ತಳೆ ಉದ್ಯಮವೇ ಕುಸಿಯುವ ಹಂತ ತಲುಪಿತು. ಸೀಮೆಎಣ್ಣೆಯ ದ್ರಾವಣ, ಮರಕ್ಕೆ ಗುಡಾರ ಹೊದಿಸಿ ಸಯನೈಡ್ ಅನಿಲ ತುಂಬುವುದು, ಕೊನೆಗೆ ಮರವನ್ನೇ ಕಡಿದು ಸುಡುವುದು ಎಲ್ಲವೂ ನಡೆದವು.

ಅಮೆರಿಕದ ಕೃಷಿ ಇಲಾಖೆಯ ಮುಖ್ಯ ಕೀಟವಿಜ್ಞಾನಿ ಚಾರ್ಲ್ಸ್ ವ್ಯಾಲೆಂಟೈನ್ ರೈಲಿ. ಕೀಟವಿಜ್ಞಾನಿಗಳ ವಿದೇಶ ಪ್ರವಾಸಕ್ಕೆ ಇಲಾಖೆಯ ಹಣ ಬಳಸಲು ಆಗ ನಿರ್ಬಂಧವಿತ್ತು. ಆದ್ದರಿಂದ 1888ರಲ್ಲಿ ಮೆಲ್ಬೋರ್ನ್‌ನ ಅಂತಾರಾಷ್ಟ್ರೀಯ ವಸ್ತುಪ್ರದರ್ಶನಕ್ಕೆ ಹೊರಟ ನಿಯೋಗದ ನೆಪದಲ್ಲಿ ಆಲ್ಬರ್ಟ್ ಕೋಬೆಲೆಯನ್ನು ಆಸ್ಟ್ರೇಲಿಯಕ್ಕೆ ಕಳುಹಿಸಲಾಯಿತು. ಅಲ್ಲಿಂದ ಆತ ಕಳುಹಿಸಿದ ಮೊದಲ ಕಂತುಗಳಲ್ಲಿ 129 ಗುಲಗಂಜಿ ಹುಳುಗಳು ಬದುಕಿ ಬಂದವು. ಕೆಂಪು ಮೈ, ಕಪ್ಪು ಮಚ್ಚೆಗಳ ಈ ಪುಟ್ಟ ಜೀವಿಯೇ ರೊಡೋಲಿಯ ಕಾರ್ಡಿನಾಲಿಸ್. ಆಗಿನ ಹೆಸರು ವಿಡೇಲಿಯ. ಲಾಸ್ ಏಂಜಲೀಸ್‌ನ ತೋಟವೊಂದರಲ್ಲಿ, ಗುಡಾರ ಹೊದಿಸಿದ ಕಿತ್ತಳೆ ಮರದಲ್ಲಿ ಅವುಗಳನ್ನು ಬಿಡಲಾಯಿತು. 1889ರ ಜೂನ್ ಹೊತ್ತಿಗೆ ಅವುಗಳ ಸಂತತಿಯಿಂದ ಹತ್ತು ಸಾವಿರಕ್ಕೂ ಮಿಕ್ಕಿ ಹುಳುಗಳನ್ನು ಇನ್ನೂರಕ್ಕೂ ಹೆಚ್ಚು ಬೆಳೆಗಾರರಿಗೆ ಹಂಚಲಾಗಿತ್ತು. ಅದೇ ವರ್ಷದ ಕೊನೆಗೆ ಕೀಟದ ಹಾವಳಿ ಇಳಿದಿತ್ತು.

ಪಠ್ಯಪುಸ್ತಕ ಇಲ್ಲಿಗೆ ಮುಗಿಯುತ್ತದೆ. ಬಿಟ್ಟುಹೋದ ಪುಟಗಳು ಇಲ್ಲಿಂದ ಮುಂದಿನವು.

ಗೆದ್ದದ್ದು ಹೊಂದಾಣಿಕೆ

ಕೋಬೆಲೆ ಆಸ್ಟ್ರೇಲಿಯಕ್ಕೆ ಹೋದದ್ದು ಮುಖ್ಯವಾಗಿ ಗುಲಗಂಜಿ ಹುಳುವಿಗಾಗಿ ಅಲ್ಲ. ಅಡಿಲೇಡ್‌ನ ಫ್ರೇಜರ್ ಕ್ರಾಫರ್ಡ್ ಎಂಬಾತ ಶಲ್ಕಕೀಟದ ಮೈಯೊಳಗೆ ಬೆಳೆದು ಅದನ್ನು ಕೊಲ್ಲುವ ಪುಟ್ಟ ನೊಣವೊಂದನ್ನು ಗುರುತಿಸಿದ್ದ. ಕ್ರಿಪ್ಟೋಕೀಟಮ್ ಎಂಬ ಈ ನೊಣವೇ ಆ ಯಾತ್ರೆಯ ಗುರಿ. ಸಾವಿರಗಟ್ಟಲೆ ನೊಣಗಳೂ ಕ್ಯಾಲಿಫೋರ್ನಿಯಾಕ್ಕೆ ಹೋದವು, ನೆಲೆಯೂರಿದವು. ಇಂದಿಗೂ ಅಲ್ಲಿಯ ತಂಪಾದ ಕರಾವಳಿಯಲ್ಲಿ ನೊಣ ಹೆಚ್ಚು ಕೆಲಸ ಮಾಡುತ್ತದೆ, ಒಳನಾಡಿನ ಬಿಸಿ ಒಣಪ್ರದೇಶದಲ್ಲಿ ಗುಲಗಂಜಿ ಹುಳು ಮೇಲುಗೈ ಪಡೆಯುತ್ತದೆ. ಕಥೆಯಲ್ಲಿ ನೊಣ ಮಾಯವಾಗಿ ಹುಳು ಮಾತ್ರ ಉಳಿದದ್ದು ಕಣ್ಣಿಗೆ ಕಾಣುವ ಬಣ್ಣದ ಮಹಿಮೆ ಎನ್ನಬೇಕು!

ಹುಳು ಗೆದ್ದದ್ದಕ್ಕೂ ಖಚಿತವಾದ ಕಾರಣಗಳಿವೆ. ಅದು ಐಸೀರಿಯ ಮತ್ತು ಅದರ ಹತ್ತಿರದ ಸಂಬಂಧಿಗಳನ್ನಷ್ಟೇ ಆಹಾರವಾಗಿ ಅವಲಂಬಿಸಿದೆ. ಮೊಟ್ಟೆಗಳನ್ನು ಶಲ್ಕಕೀಟದ ಮೊಟ್ಟೆಚೀಲದ ಮೇಲೆಯೇ ಇಡುತ್ತದೆ. ಮರಿಹುಳು ಚೀಲದೊಳಗೆ ಕೊರೆದು ಹೋಗಿ ತಿನ್ನುತ್ತದೆ. ಬೆಚ್ಚನೆಯ ಹವೆಯಲ್ಲಿ ಮೊಟ್ಟೆಯಿಂದ ಪ್ರೌಢಾವಸ್ಥೆಗೆ ಬರಲು ಅದಕ್ಕೆ ಒಂದು ತಿಂಗಳೂ ಬೇಡ. ಶಲ್ಕಕೀಟಕ್ಕೆ ಅದಕ್ಕಿಂತ ಬಹಳ ಹೆಚ್ಚು ಕಾಲ ಬೇಕು. ಬೇಟೆ ಓಡುವುದಿಲ್ಲ, ಬೇಟೆಗಾರ ಬೇಟೆಗಿಂತ ಬೇಗ ಹೆಚ್ಚುತ್ತಾನೆ. ಇಷ್ಟು ಹೊಂದಾಣಿಕೆ ಇನ್ನೊಂದು ಜೋಡಿಯಲ್ಲಿ ಸಿಗುವುದು ಅಪರೂಪ.

ಇದನ್ನು ಮರೆತವರಲ್ಲಿ ಮೊದಲಿಗರು ಆ ಕಾಲದ ಕ್ಯಾಲಿಫೋರ್ನಿಯಾದವರೇ. ಎಲ್ಲ ಕೀಟಕ್ಕೂ ಒಂದು ಗುಲಗಂಜಿ ಹುಳು ಇದ್ದೇ ಇರುತ್ತದೆಂಬ ಉತ್ಸಾಹದಲ್ಲಿ ಕೋಬೆಲೆಯನ್ನು 1891ರಲ್ಲಿ ಮತ್ತೆ ಕಳುಹಿಸಿದರು. ಈ ಸಲ ಹತ್ತಾರು ಜಾತಿಯ ಹುಳುಗಳು ಬಂದವು, ನೆಲೆಯೂರಿದವು ಬೆರಳೆಣಿಕೆಯಷ್ಟು. ಆ ಉತ್ಸಾಹ ದಕ್ಷಿಣ ಭಾರತಕ್ಕೂ ತಲುಪಿತು. ಕಾಫಿಯ ಹಸಿರು ಶಲ್ಕಕೀಟವನ್ನು ಹತೋಟಿಗೆ ತರಲೆಂದು 1898ರಲ್ಲಿ ಆಸ್ಟ್ರೇಲಿಯದ ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳುವನ್ನು ಇಲ್ಲಿಗೆ ತಂದರು. ಹಸಿರು ಶಲ್ಕಕೀಟ ಹತೋಟಿಗೆ ಬರಲಿಲ್ಲ. ಆದರೆ ಹುಳು ನಾಡಿನಲ್ಲಿ ನೆಲೆಸಿತು, ಹಿಟ್ಟು ತಿಗಣೆಗಳನ್ನು ತಿಂದಿತು. ಇಂದು ನಮ್ಮ ಪ್ರಯೋಗಾಲಯಗಳಲ್ಲಿ ಹಿಟ್ಟು ತಿಗಣೆಯ ವಿರುದ್ಧ ಬಳಸಲು ಅದನ್ನು ಬೆಳೆಸಲಾಗುತ್ತದೆ. ಹುಳು ಅದೇ, ಬೇಟೆ ಬೇರೆ, ಫಲಿತಾಂಶ ಬೇರೆ. ಈ ಎರಡು ಸಾಲನ್ನು ವಿಡೇಲಿಯ ಕಥೆಯ ಪಕ್ಕದಲ್ಲೇ ಬರೆದರೆ ವಿದ್ಯಾರ್ಥಿಗೆ 'ಏಕೆ' ಎಂದು ಕೇಳಬೇಕೆನಿಸುತ್ತದೆ.

ಒಂದು ನಿರ್ದಿಷ್ಟ ಶತ್ರು ಬೇರೆ ಜೀವಿಗಳಿಗೆ ಅಪಾಯಕಾರಿಯೇ ಎಂಬ ಪರೀಕ್ಷೆ 1888ರಲ್ಲಿ ನಡೆದಿರಲಿಲ್ಲ. ಅದೃಷ್ಟ ಒಳ್ಳೆಯದಿತ್ತು. ಅದೇ ಐಸೀರಿಯ 1982ರಲ್ಲಿ ಗೆಲಪಗಸ್ ದ್ವೀಪಗಳಲ್ಲಿ ಕಾಣಿಸಿ ಅಲ್ಲಿಯ ಸ್ಥಳೀಯ ಸಸ್ಯಗಳನ್ನು ಕಾಡತೊಡಗಿತು. ಅಲ್ಲಿ ರೊಡೋಲಿಯವನ್ನು ಬಿಡುಗಡೆ ಮಾಡಿದ್ದು 2002ರಲ್ಲಿ, ಸ್ಥಳೀಯ ಕೀಟಗಳನ್ನು ಅದು ತಿನ್ನುವುದೇ ಎಂದು ವರ್ಷಗಟ್ಟಲೆ ಪರೀಕ್ಷಿಸಿದ ಮೇಲೆ. ನೂರು ವರ್ಷಗಳಲ್ಲಿ ವಿಜ್ಞಾನ ಕಲಿತ ಪಾಠ ಈ ಎರಡು ದಿನಾಂಕಗಳ ನಡುವೆ ಇದೆ. ನಮ್ಮ ಪುಸ್ತಕಗಳು ಮೊದಲ ದಿನಾಂಕವನ್ನು ಮಾತ್ರ ಕೊಡುತ್ತವೆ.

ಗೆಲುವು ಮತ್ತೆ ಸೋಲಾದದ್ದು

ಇನ್ನೊಂದು ಮುಖ್ಯ ಪುಟ 1946–47ರದು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಡಿ.ಡಿ.ಟಿ. ತೋಟಗಳಿಗೆ ಬಂತು. ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಕಣಿವೆಯಲ್ಲಿ ಬೇರೆ ಕೀಟಗಳಿಗಾಗಿ ಅದನ್ನು ಸಿಂಪಡಿಸಿದಾಗ, ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಮರೆಯಲ್ಲಿದ್ದ ಹತ್ತಿದಿಂಬು ಶಲ್ಕಕೀಟ ಮತ್ತೆ ಬುಗಿಲೆದ್ದಿತು. ಡಿ.ಡಿ.ಟಿ. ಗುಲಗಂಜಿ ಹುಳುಗಳನ್ನು ಕೊಂದಿತ್ತು, ಶಲ್ಕಕೀಟವನ್ನು ಉಳಿಸಿತ್ತು. ಹುಳುಗಳನ್ನು ಮತ್ತೆ ತಂದು ಬಿಡಬೇಕಾಯಿತು, ಸಿಂಪಡಣೆಯ ಕ್ರಮವನ್ನು ಬದಲಿಸಬೇಕಾಯಿತು. ಎಂದರೆ 1889ರಲ್ಲಿ ಕೀಟ 'ಮುಗಿದು' ಹೋಗಿರಲಿಲ್ಲ. ಅದು ತೋಟದಲ್ಲೇ ಇತ್ತು, ಶತ್ರುವೂ ಇತ್ತು. ಅವೆರಡರ ತೂಗುವಿಕೆಯೇ ನಿಯಂತ್ರಣ ಎನಿಸಿಕೊಂಡಿತ್ತು.

ಬೆಳೆಯ ಮರಗಳಿಂದ ನಮ್ಮ ವಿಷಯವಾದ ಅಲಂಕಾರಿಕ ಮರಗಳಿಗೆ ಬಂದರೆ, ಇನ್ನೂ ಸ್ಪಷ್ಟವಾದ ನಿದರ್ಶನ ಸಿಗುತ್ತದೆ. ಕ್ಯಾಲಿಫೋರ್ನಿಯಾದ ಸೌತ್ ಲೇಕ್ ಟಾಹೋ ಒಂದು ವಿಹಾರತಾಣ. 1960ರ ದಶಕದಲ್ಲಿ ಅಲ್ಲಿ ಸೊಳ್ಳೆಗಳನ್ನು ಕೊಲ್ಲಲು ಮಾಲಥಿಯಾನ್ ಬೆರೆಸಿದ ಹೊಗೆಯನ್ನು ಬಿಡುತ್ತಿದ್ದರು. ಹೊಗೆ ಬಿಟ್ಟ ಪ್ರದೇಶದ ಪೈನ್ ಮರಗಳ ಎಲೆಸೂಜಿಗಳ ಮೇಲೆ ಕವಚ ಶಲ್ಕಕೀಟವೊಂದು ವಿಪರೀತ ಹೆಚ್ಚಿತು. ಕಾರಣ ಸರಳ. ಶಲ್ಕಕೀಟಕ್ಕೆ ಮೇಣದ ಗುರಾಣಿ ಇದೆ, ಅದರೊಳಗೆ ಮೊಟ್ಟೆಯಿಡಲು ಹಾರಾಡುವ ಒಂದು ಮಿಲಿಮೀಟರ್ ಗಾತ್ರದ ಪರಾವಲಂಬಿ ಕಣಜಕ್ಕೆ ಅಂತಹ ರಕ್ಷಣೆಯಿಲ್ಲ. ಹೊಗೆ ನಿಂತ ಮೇಲೆ ಕಣಜಗಳೂ ಗುಲಗಂಜಿ ಹುಳುಗಳೂ ಮರಳಿದವು. ಕೆಲವೇ ವರ್ಷಗಳಲ್ಲಿ ಕೀಟ ತಾನಾಗಿ ಕುಸಿಯಿತು. ಆರ್. ಎಫ್. ಲಕ್ ಮತ್ತು ಡಿ. ಎಲ್. ಡಾಲ್‌ಸ್ಟೆನ್ ಇದನ್ನು ದಾಖಲಿಸಿ 1975ರಲ್ಲಿ ಪ್ರಕಟಿಸಿದರು. ಆ ಮರಗಳಿಗೆ ಬೇಕಿದ್ದ ಚಿಕಿತ್ಸೆ ಒಂದು ಕೆಲಸವನ್ನು ನಿಲ್ಲಿಸುವುದು. ನಮ್ಮ ಊರುಗಳಲ್ಲೂ ಸೊಳ್ಳೆಗಾಗಿ ಹೊಗೆ ಬಿಡುವ ಪದ್ಧತಿ ಇದೆ. ಹೊಗೆಯಂತ್ರ ಓಡಾಡುವ ಬೀದಿಯ ಮರಗಳನ್ನೂ ಓಡಾಡದ ಬೀದಿಯ ಮರಗಳನ್ನೂ ಹೋಲಿಸಿ ನೋಡುವುದು ಪದವಿ ತರಗತಿಯ ಒಳ್ಳೆಯ ಯೋಜನೆಯಾಗಬಲ್ಲದು.

ಬುಡದ ಕಾಂಕ್ರೀಟು, ಕಾಂಡದ ಇರುವೆ

ಸಿಂಪಡಣೆಯೇ ಇಲ್ಲದ ಕಡೆಯೂ ನಗರದ ಮರಗಳಲ್ಲಿ ಶಲ್ಕಕೀಟ ಹೆಚ್ಚುವುದುಂಟು. ಅಮೆರಿಕದ ಉತ್ತರ ಕೆರೊಲಿನಾದ ರಾಲೀ ನಗರದಲ್ಲಿ ನಡೆದ ಅಧ್ಯಯನಗಳು ಇದಕ್ಕೆ ಉತ್ತರ ಹುಡುಕಿವೆ. ಅಲ್ಲಿಯ ಬೀದಿಗಳ ಓಕ್ ಮರಗಳಲ್ಲಿ ಮೃದು ಶಲ್ಕಕೀಟವೊಂದು ನಗರದ ಅತಿ ಬಿಸಿ ಜಾಗಗಳಲ್ಲಿ ತಂಪು ಜಾಗಗಳಿಗಿಂತ ಸುಮಾರು 13 ಪಟ್ಟು ಹೆಚ್ಚಾಗಿತ್ತು ಎಂದು 2013ರಲ್ಲಿ ಎಮಿಲಿ ಮೈನೆಕೆ ಮತ್ತು ಸಂಗಡಿಗರು ವರದಿ ಮಾಡಿದರು. ಅದೇ ನಗರದ ಕೆಂಪು ಮೇಪಲ್ ಮರಗಳ ಮೇಲಿನ ಕವಚ ಶಲ್ಕಕೀಟವನ್ನು ಆಡಮ್ ಡೇಲ್ ಮತ್ತು ಸ್ಟೀವನ್ ಫ್ರಾಂಕ್ ಪರೀಕ್ಷಿಸಿದಾಗ, ಬಿಸಿ ಜಾಗದ ಹೆಣ್ಣುಗಳು ಹೆಚ್ಚು ಮರಿಗಳನ್ನು ಪಡೆಯುತ್ತವೆಂದು ತಿಳಿಯಿತು. ಬಿಸಿಯ ಮೂಲ ಮರದ ಸುತ್ತಲಿನ ಡಾಂಬರು ಮತ್ತು ಕಾಂಕ್ರೀಟು. ನೀರು ಇಂಗದ ನೆಲ ಮರವನ್ನು ಬಾಯಾರಿಸುತ್ತದೆ ಕೂಡ.

ಇವರು ಗಿಡ ನೆಡುವ ಮುನ್ನ ಮಾಡಬಹುದಾದ ಸರಳ ಲೆಕ್ಕವೊಂದನ್ನು 2016ರಲ್ಲಿ ಸೂಚಿಸಿದರು. ಮರದ ಜಾಗದಿಂದ ನಾಲ್ಕು ದಿಕ್ಕಿಗೆ ತಲಾ 25 ಹೆಜ್ಜೆ ನಡೆಯಬೇಕು. ನೂರು ಹೆಜ್ಜೆಗಳಲ್ಲಿ ಎಷ್ಟು ಹೆಜ್ಜೆ ಗಟ್ಟಿ ನೆಲದ ಮೇಲೆ ಬಿದ್ದವು ಎಂದು ಎಣಿಸಬೇಕು. 33ಕ್ಕಿಂತ ಕಡಿಮೆಯಾದರೆ ಕೆಂಪು ಮೇಪಲ್‌ಗೆ ಜಾಗ ಒಳ್ಳೆಯದು, 66ನ್ನು ಮೀರಿದರೆ ಬೇರೆ ಜಾತಿಯ ಮರವೇ ಲೇಸು. ಈ ಅಂಕಿಗಳು ಆ ಊರಿನ ಆ ಮರಕ್ಕೆ ಸೇರಿದವು. ನಮ್ಮ ಹೊಂಗೆಗೋ, ಮಳೆಮರಕ್ಕೋ ಹಾಗೇ ಅನ್ವಯಿಸಬಾರದು. ವಿಧಾನವನ್ನು ಮಾತ್ರ ಯಾವ ಶಾಲೆಯೂ ಅನುಸರಿಸಬಹುದು, ಉಪಕರಣವೇ ಬೇಡ. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿಯ ಮರಗಳ ಬುಡದ ಸುತ್ತ ಒಂದು ಮೀಟರ್ ವ್ಯಾಪ್ತಿಯ ಕಾಂಕ್ರೀಟನ್ನು ತೆಗೆಯಲು ಆದೇಶಿಸಿತ್ತು. ಅದನ್ನು ಮರದ ಉಸಿರಾಟದ ಪ್ರಶ್ನೆಯಾಗಿ ಮಾತ್ರ ನೋಡಿದೆವು. ಅದು ಕೀಟ ನಿರ್ವಹಣೆಯ ಪ್ರಶ್ನೆಯೂ ಹೌದು.

ಇನ್ನು ಇರುವೆ. ಮೃದು ಶಲ್ಕಕೀಟದ ಸಿಹಿ ದ್ರವಕ್ಕಾಗಿ ಬರುವ ಇರುವೆಗಳು ಕಣಜ ಮತ್ತು ಗುಲಗಂಜಿ ಹುಳುಗಳನ್ನು ಅಟ್ಟುತ್ತವೆ. ಕಾವಲುಗಾರರಿರುವವರೆಗೆ ಎಷ್ಟು ಮಿತ್ರಕೀಟಗಳನ್ನು ತಂದು ಬಿಟ್ಟರೂ ಫಲ ಕಡಿಮೆ. ಹಿಂದೂ ಮಹಾಸಾಗರದ ಕ್ರಿಸ್‌ಮಸ್ ದ್ವೀಪದಲ್ಲಿ ಹಳದಿ ಹುಚ್ಚಿರುವೆಗಳು ಮಿತಿಮೀರಿ ಹೆಚ್ಚಿ ಅಲ್ಲಿಯ ಪ್ರಸಿದ್ಧ ಕೆಂಪು ಏಡಿಗಳನ್ನು ಕೊಲ್ಲತೊಡಗಿದಾಗ, ಇರುವೆಗೆ ಆಹಾರ ಒದಗಿಸುತ್ತಿದ್ದ ಮರದ ಮೇಲಿನ ಅರಗಿನ ಬಳಗದ ಕೀಟವೊಂದು ಗಮನಕ್ಕೆ ಬಂತು. 2016ರಲ್ಲಿ ಆ ಕೀಟದ ಮೇಲೆ ಬದುಕುವ ಮಲೇಷ್ಯಾದ ಪುಟ್ಟ ಕಣಜವನ್ನು ಬಿಡಲಾಯಿತು. ಏಡಿಯನ್ನು ಉಳಿಸಲು ಮರದ ಶಲ್ಕಕೀಟವನ್ನು ಹಿಡಿಯಬೇಕಾಯಿತು! ಆಹಾರ ಜಾಲವನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಯಾರ ಗೆಲುವು?

1920ರ ದಶಕದ ಕೊನೆಯಲ್ಲಿ ಹತ್ತಿದಿಂಬು ಶಲ್ಕಕೀಟ ನೀಲಗಿರಿಯ ವ್ಯಾಟಲ್ ಮರಗಳ ಮೇಲೆ ಕಾಣಿಸಿಕೊಂಡಿತು. ಆ ಮರವೂ ಆಸ್ಟ್ರೇಲಿಯದ ಅಕೇಶಿಯವೇ. ರೊಡೋಲಿಯವನ್ನು ತರಿಸಿ ಬಿಡಲಾಯಿತು, ಕೀಟ ಹತೋಟಿಗೆ ಬಂತು. ನಮ್ಮ ಪುಸ್ತಕಗಳು ಇದನ್ನು ಭಾರತದ ಯಶಸ್ಸಿನ ಪಟ್ಟಿಯಲ್ಲಿ ಸೇರಿಸುತ್ತವೆ. ಕೀಟವಿಜ್ಞಾನದ ದೃಷ್ಟಿಯಿಂದ ಅದು ಸರಿ. ಆದರೆ ಅದೇ ವ್ಯಾಟಲ್ ಇಂದು ನೀಲಗಿರಿಯ ಶೋಲಾ ಹುಲ್ಲುಗಾವಲುಗಳನ್ನು ನುಂಗಿದ ಆಕ್ರಮಣಕಾರಿ ಮರವೆಂದು ಹೆಸರಾಗಿದೆ. ಕೀಟವನ್ನು ತಡೆದವರನ್ನು ಇದಕ್ಕಾಗಿ ದೂರುವುದು ಅನ್ಯಾಯ. ಆ ಕಾಲಕ್ಕೆ ಮರ ಬೇಕಾದ ಮರವಾಗಿತ್ತು. ಪೀಡೆ ಎಂಬುದು ಕೀಟದ ಗುಣವಲ್ಲ, ನಮ್ಮ ಅಗತ್ಯಕ್ಕೆ ತಕ್ಕಂತೆ ನಾವು ಕೊಡುವ ಹೆಸರು ಎಂಬುದನ್ನು ಈ ಪ್ರಸಂಗ ತೋರಿಸುತ್ತದೆ. ಅರಗಿನ ಕೀಟವನ್ನು ಸಾಕುತ್ತೇವೆ, ಅದರ ದಾಯಾದಿಯನ್ನು ಕೊಲ್ಲುತ್ತೇವೆ. 1795ರಲ್ಲಿ ಕೆಂಪು ಬಣ್ಣಕ್ಕೆಂದು ಭಾರತಕ್ಕೆ ತಂದ ಕೊಚಿನೀಲ್ ಕೀಟ ತಪ್ಪು ಜಾತಿಯದಾಗಿತ್ತು. ಬಣ್ಣ ಕೈಗೂಡಲಿಲ್ಲ, ಒಂದು ಜಾತಿಯ ಪಾಪಾಸುಕಳ್ಳಿ ಮಾತ್ರ ನಾಶವಾಯಿತು. ಕಳೆಗಳ ಜೈವಿಕ ನಿಯಂತ್ರಣದ ಇತಿಹಾಸ ಅಲ್ಲಿಂದ ಆರಂಭವಾಗುತ್ತದೆ.

ಕರಪತ್ರಗಳ ಸಲಹೆ ಎಲ್ಲಿ ಸೋಲುತ್ತದೆ?

ಅಲಂಕಾರಿಕ ಮರಗಳ ಬಗ್ಗೆ ಸಿಗುವ ಸಲಹೆಗಳ ಮಾದರಿ ನಿಮಗೆ ಗೊತ್ತಿರುವುದೇ: ಕೀಟದ ಹೆಸರು, ಹಾನಿಯ ಲಕ್ಷಣ, ಔಷಧಿಯ ಹೆಸರು, ಲೀಟರಿಗೆ ಇಷ್ಟು ಮಿಲಿಲೀಟರ್. ಬೆಳೆಗೆ ರೂಪಿಸಿದ ಕೋಷ್ಟಕವನ್ನು ಮರಕ್ಕೆ ತೊಡಿಸಿದಂತೆ ಅದು ಇರುತ್ತದೆ. ಬೀದಿಮರದಿಂದ ನಾವು ಇಳುವರಿ ಎತ್ತುವುದಿಲ್ಲ. ಕೆಲವು ರೆಂಬೆ ಒಣಗಿದರೂ, ಎಲೆ ಕಪ್ಪಾದರೂ ಮರ ತಾಳಿಕೊಳ್ಳಬಲ್ಲದು. ಅದರ ಕೆಳಗೆ ಮಕ್ಕಳು ಆಡುತ್ತಾರೆ, ಹೂವಿಗೆ ಜೇನ್ನೊಣ ಬರುತ್ತದೆ. ಹತ್ತು ಮೀಟರ್ ಎತ್ತರಕ್ಕೆ ಸಿಂಪಡಿಸಿದ ದ್ರಾವಣ ಎಲೆಯ ಮೇಲಷ್ಟೇ ಬೀಳುವುದಿಲ್ಲ. ಅಮೆರಿಕದ ಒರೆಗಾನ್ ರಾಜ್ಯದ ವಿಲ್ಸನ್‌ವಿಲ್‌ನಲ್ಲಿ 2013ರ ಜೂನ್‌ನಲ್ಲಿ ವಾಹನ ನಿಲುಗಡೆಯ ಲಿಂಡನ್ ಮರಗಳಿಗೆ ಸಸ್ಯಹೇನಿನ ಅಂಟು ತಡೆಯಲು ಡೈನೊಟೆಫ್ಯೂರಾನ್ ಸಿಂಪಡಿಸಲಾಯಿತು. ಮರಗಳು ಹೂಬಿಟ್ಟಿದ್ದವು. ಸತ್ತು ಬಿದ್ದ ಬಂಬಲ್ ಜೇನುಗಳ ಸಂಖ್ಯೆ ಸುಮಾರು 50,000 ಎಂದು ಅಂದಾಜಾಯಿತು. ಅಲ್ಲಿ ಶಲ್ಕಕೀಟ ಇರಲಿಲ್ಲ ನಿಜ, ಆದರೆ ಅಂಟು ಕಂಡ ಕೂಡಲೇ ಬಾಟಲಿ ತೆಗೆಯುವ ಯೋಚನಾಕ್ರಮ ಒಂದೇ.

ಕೋಷ್ಟಕದ ಎರಡನೆಯ ದೋಷ ಕಾಲದ ಅರಿವಿಲ್ಲದಿರುವುದು. ಬಲಿತ ಶಲ್ಕಕೀಟಕ್ಕೆ ಹೊರಗಿನ ದ್ರಾವಣ ತಾಗುವುದು ಕಷ್ಟ. ದುರ್ಬಲ ಹಂತ ತೆವಳುಮರಿಯದು. ಆ ಕೆಲವು ದಿನಗಳನ್ನು ತಪ್ಪಿಸಿ ಹೊಡೆದ ಸಿಂಪಡಣೆ ಮಿತ್ರಕೀಟಗಳನ್ನಷ್ಟೇ ಕೊಲ್ಲುತ್ತದೆ. ಮೂರನೆಯದು ಕುಟುಂಬಭೇದದ ಅರಿವಿಲ್ಲದಿರುವುದು. ಬೇರಿಗೆ ಹಾಕುವ ಇಮಿಡಾಕ್ಲೋಪ್ರಿಡ್‌ನಂತಹ ಅಂತರ್ವ್ಯಾಪಿ ಕೀಟನಾಶಕ ಮೃದು ಶಲ್ಕಕೀಟದ ಮೇಲೆ ಕೆಲಸ ಮಾಡೀತು. ಫ್ಲೋಯಮ್ ಮುಟ್ಟದ ಕವಚ ಶಲ್ಕಕೀಟದ ಮೇಲೆ ಅದರ ಪರಿಣಾಮ ಬಹಳ ಕಡಿಮೆ. ನಾಲ್ಕನೆಯದು, ಸತ್ತ ಕೀಟದ ಚಿಪ್ಪು ತಿಂಗಳುಗಟ್ಟಲೆ ರೆಂಬೆಯ ಮೇಲೇ ಉಳಿಯುತ್ತದೆ. ಅದನ್ನು ಕಂಡು ಮತ್ತೆ ಮತ್ತೆ ಸಿಂಪಡಿಸುವವರು ಶವಗಳಿಗೆ ವಿಷವುಣಿಸುತ್ತಿರುತ್ತಾರೆ.

ಸಲಹೆ ಹೇಗಿರಬೇಕು?

ಟೀಕಿಸಿದ ಮೇಲೆ ಬದಲಿಯನ್ನೂ ಹೇಳಬೇಕು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ, ಒಂದು ಸೂಜಿ, ಎರಡೂ ಬದಿ ಅಂಟಿರುವ ಟೇಪು ಇಷ್ಟಿದ್ದರೆ ಪರೀಕ್ಷೆ ಆರಂಭಿಸಬಹುದು.

ಮೊದಲು ಸೂಜಿಯಿಂದ ಚಿಪ್ಪನ್ನು ಎತ್ತಿ ನೋಡಿ. ಚಿಪ್ಪು ಬೇರೆ, ದೇಹ ಬೇರೆ ಆಗಿ ಬಂದರೆ ಕವಚ ಶಲ್ಕಕೀಟ. ಒಳಗೆ ರಸ ತುಂಬಿದ ದೇಹವಿದ್ದರೆ ಜೀವಂತ, ಒಣಗಿದ ಹೊಟ್ಟಾದರೆ ಸತ್ತದ್ದು. ಚಿಪ್ಪಿನ ಮೇಲೆ ನೀಟಾದ ದುಂಡು ರಂಧ್ರವಿದ್ದರೆ ಅದು ಕಣಜ ಹೊರಬಂದ ಬಾಗಿಲು. ನೂರು ಚಿಪ್ಪುಗಳಲ್ಲಿ ಎಷ್ಟು ಜೀವಂತ, ಎಷ್ಟು ಸತ್ತವು, ಎಷ್ಟಕ್ಕೆ ರಂಧ್ರವಿದೆ ಎಂದು ಪಟ್ಟಿ ಮಾಡಿ. ಎರಡು ವಾರ ಬಿಟ್ಟು ಮತ್ತೆ ಎಣಿಸಿ. ರಂಧ್ರಗಳ ಪಾಲು ಏರುತ್ತಿದ್ದರೆ ಮರದಲ್ಲಿ ಕೆಲಸ ಆಗಲೇ ಶುರುವಾಗಿದೆ. ನಾವು ಸುಮ್ಮನಿರುವುದೇ ಉಪಕಾರ.

ಟೇಪನ್ನು ರೆಂಬೆಗೆ ಸುತ್ತಿ ದಿನ ಬಿಟ್ಟು ದಿನ ಪರೀಕ್ಷಿಸಿದರೆ ತೆವಳುಮರಿಗಳು ಹೊರಡುವ ಕಾಲ ತಿಳಿಯುತ್ತದೆ. ಮಧ್ಯಪ್ರವೇಶ ಬೇಕೇ ಬೇಕು ಎನಿಸಿದರೆ ಆ ಕಾಲವೇ ಸರಿ. ಹೆಚ್ಚು ಮುತ್ತಿದ ರೆಂಬೆಗಳನ್ನು ಸವರುವುದು, ಸಣ್ಣ ಮರವಾದರೆ ನೀರಿನ ರಭಸದ ಧಾರೆ ಹಾಯಿಸುವುದು, ಕಾಂಡಕ್ಕೆ ಬಟ್ಟೆ ಸುತ್ತಿ ಅದರ ಮೇಲೆ ಅಂಟು ಬಳಿದು ಇರುವೆಯನ್ನು ತಡೆಯುವುದು ಮೊದಲ ಹೆಜ್ಜೆಗಳು. ನಂತರ ತೋಟಗಾರಿಕೆಯ ತೆಳು ಎಣ್ಣೆ. ಅದು ಕೀಟದ ಉಸಿರು ಕಟ್ಟಿಸುತ್ತದೆ, ಒಣಗಿದ ಮೇಲೆ ವಿಷವಾಗಿ ಉಳಿಯುವುದಿಲ್ಲ. ಬಾಯಾರಿದ ಮರಕ್ಕೆ ಮತ್ತು ಸುಡುಬಿಸಿಲಲ್ಲಿ ಅದನ್ನೂ ಬಳಸಬಾರದು. ಸಾರಜನಕದ ಗೊಬ್ಬರವನ್ನು ಸುರಿಯುವುದು ಹಲವು ಶಲ್ಕಕೀಟಗಳಿಗೆ ಔತಣವಿಟ್ಟಂತೆ. ಬುಡದ ಕಾಂಕ್ರೀಟು ಬಿಡಿಸಿ ನೀರುಣಿಸುವುದು ಮರಕ್ಕೆ ನಿಜವಾದ ಉಪಚಾರ.

ರಾಸಾಯನಿಕ ಎಂದಿಗೂ ಕೂಡದೆಂದು ಇಲ್ಲಿ ವಾದಿಸುತ್ತಿಲ್ಲ. ಹೊರದೇಶದಿಂದ ಹೊಸದಾಗಿ ಬಂದ ಕೀಟಕ್ಕೆ ಇಲ್ಲಿ ಶತ್ರುವೇ ಇಲ್ಲದಿದ್ದರೆ ಕಾಯುವುದು ನಿಷ್ಫಲ. ಆಗ ಹಳೆಯ ಕಥೆಯೇ ದಾರಿ ತೋರಿಸುತ್ತದೆ. 2008ರಲ್ಲಿ ಕೊಯಮತ್ತೂರಿನಲ್ಲಿ ಪಪಾಯದ ಹಿಟ್ಟು ತಿಗಣೆ ಕಂಡುಬಂದು ಪಪಾಯ, ಹಿಪ್ಪುನೇರಳೆ, ದಾಸವಾಳಗಳನ್ನು ಕಾಡುತ್ತಾ ಕರ್ನಾಟಕಕ್ಕೂ ಹಬ್ಬಿತು. 2010ರಲ್ಲಿ ಪೋರ್ಟೊ ರಿಕೊದಿಂದ ಮೂರು ಜಾತಿಯ ಪರಾವಲಂಬಿ ಕಣಜಗಳನ್ನು ತರಿಸಿ, ಈಗ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಕೇಂದ್ರವೆಂದು ಹೆಸರಾದ ಬೆಂಗಳೂರಿನ ಸಂಸ್ಥೆ ಅವನ್ನು ಬೆಳೆಸಿ ಹಂಚಿತು. ಅವುಗಳಲ್ಲಿ ಎಸಿರೋಫೇಗಸ್ ಪಪಾಯೆ ಎಂಬ ಕಣಜ ತಿಗಣೆಯನ್ನು ಹತೋಟಿಗೆ ತಂದಿತು. ಅದು ಉಳಿದು ಬೆಳೆಯಬೇಕಾದರೆ ಬಿಡುಗಡೆಯ ಜಾಗದಲ್ಲಿ ಕೀಟನಾಶಕ ನಿಲ್ಲಬೇಕು. 129 ಹುಳುಗಳ ಕಥೆಯಷ್ಟೇ ಸೊಗಸಾದ, ನಮ್ಮ ನೆಲದ್ದೇ ಆದ ಈ ಉದಾಹರಣೆಯನ್ನು ಪಾಠಕ್ಕೆ ಸೇರಿಸಲು ಅಧ್ಯಾಪಕರು ಹೊಸ ಪಠ್ಯಪುಸ್ತಕಕ್ಕಾಗಿ ಕಾಯಬೇಕಿಲ್ಲ.

ಮುಂದಿನ ಸಲ ವಿಡೇಲಿಯ ಕಥೆಯನ್ನು ಹೇಳುವಾಗ 1889ಕ್ಕೆ ನಿಲ್ಲಿಸಬೇಡಿ. 1898, 1946, 1975, 2002, 2013 ಈ ಐದು ವರ್ಷಗಳನ್ನು ಕರಿಹಲಗೆಯ ಮೇಲೆ ಬರೆದು, ಪ್ರತಿಯೊಂದರಲ್ಲೂ ಕೀಟ ಹೆಚ್ಚಿದ್ದೋ ಇಳಿದದ್ದೋ ಏಕೆಂದು ವಿದ್ಯಾರ್ಥಿಗಳಿಂದಲೇ ಹೇಳಿಸಿ. ನಂತರ ಅವರನ್ನು ಕೈಮಸೂರದೊಂದಿಗೆ ಅಂಗಳದ ಮರದ ಬಳಿಗೆ ಕಳುಹಿಸಿ. 'ಏನು ಹಾಕಬೇಕು' ಎನ್ನುವ ಮೊದಲು 'ಏನು ನಡೆಯುತ್ತಿದೆ' ಎಂದು ಅವರು ಕೇಳಿದರೆ ಪಾಠ ಪೂರ್ಣವಾದಂತೆ.